ಪದಸೂಚಿಯೂ ತಂತ್ರಾಂಶದ ವಾಸ್ತುವೂ

(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣ)

ಹಳಗನ್ನಡ ಕಾವ್ಯವೊಂದಕ್ಕೆ ಪದಸೂಚಿಯನ್ನು ಸಿದ್ಧಪಡಿಸುವುದು ವಿದ್ವತ್ತಿನ ಕೆಲಸಗಳಲ್ಲೆಲ್ಲ ಅತ್ಯಂತ ನೀರಸವಾದುದೆಂದು ನನ್ನ ಗುರುಗಳೊಬ್ಬರು ಹೇಳುತ್ತಿದ್ದರು. ಹಾಗೆ ಹೇಳುತ್ತಲೇ ಅದನ್ನು ನನಗೆ ವಹಿಸಿದರು. ಕಾವ್ಯದ ಪ್ರತಿಯೊಂದು ಪದವನ್ನೂ ಒಂದೊಂದು ಚೀಟಿಯ ಮೇಲೆ ಬರೆಯಬೇಕು. ಅದರ ಕೆಳಗೆ ಆ ಪದ ಎಲ್ಲಿ ಬರುತ್ತದೆಂಬುದನ್ನೂ, ಅದರ ಹಿಂದುಮುಂದಿನ ನಾಲ್ಕು ಮಾತುಗಳನ್ನೂ ಗುರುತು ಹಾಕಿಕೊಳ್ಳಬೇಕು. ಕೊನೆಗೆ ಎಲ್ಲವನ್ನೂ ಅಕಾರಾದಿಯಾಗಿ ಜೋಡಿಸಬೇಕು. 1983ರಲ್ಲಿ ತೊಡಗಿದ ನನ್ನ ಚೀಟಿಗಳು ಹದಿಮೂರು ವರ್ಷಗಳಲ್ಲಿ ಹತ್ತು ಸಾವಿರವನ್ನು ಮೀರಿದವು. ಅವು ಪಾದರಕ್ಷೆಯ ಅಂಗಡಿಯಿಂದ ಬೇಡಿ ತಂದ ರಟ್ಟಿನ ಪೆಟ್ಟಿಗೆಗಳಲ್ಲಿ ನಮ್ಮ ಮನೆಯ ಅಟ್ಟವನ್ನು ಈಗಲೂ ಆಕ್ರಮಿಸಿಕೊಂಡಿವೆ.

ಇಂದು ನಾನು ಮಾತನಾಡಬೇಕೆಂದುಕೊಂಡಿರುವುದು ಗಣಕಯಂತ್ರದ ತಂತ್ರಾಂಶವನ್ನು ಹೇಗೆ ಕಟ್ಟಬೇಕೆಂಬ ವಿಷಯವನ್ನು ಕುರಿತು. ಆ ವಿದ್ಯೆಯವರು ಅದನ್ನು ವಾಸ್ತುವೆಂದೇ ಕರೆಯುತ್ತಾರೆ. ಕನ್ನಡದ ಮೇಷ್ಟರೊಬ್ಬರಿಗೆ ಅದರಲ್ಲಿ ಏನು ಕೆಲಸವೆಂದು ಕೇಳುಗರು ಶಂಕಿಸಿದರೆ ತಪ್ಪಿಲ್ಲ. ಮೂರು ವರ್ಷಗಳ ಹಿಂದೆ ನನಗೂ ಅದೇ ಶಂಕೆಯಿತ್ತು. ಆದರೆ ಆ ಶಾಸ್ತ್ರದ ಬಹು ಪ್ರಸಿದ್ಧವಾದ ಲೇಖನವೊಂದು ಆರಿಸಿಕೊಂಡಿರುವ ಉದಾಹರಣೆ ಪದಸೂಚಿಯೇ ಎಂದು ತಿಳಿದಾಗ, ನನಗೂ ಒಂದು ಮಾತು ಹೇಳುವ ಅಧಿಕಾರವಿದೆಯೆಂದು ಅನ್ನಿಸಿತು. ಆ ಲೇಖನವನ್ನು ನನಗೆ ಪರಿಚಯ ಮಾಡಿಸಿದವಳು ನನ್ನ ತಂಗಿಯ ಮಗಳು. ಬೆಂಗಳೂರಿನಲ್ಲಿ ತಂತ್ರಾಂಶ ಬರೆಯುವುದು ಅವಳ ವೃತ್ತಿ.

ಅವಳು ಅದನ್ನು ತಂದದ್ದಕ್ಕೆ ಒಂದು ಕಾರಣವಿತ್ತು. 1998ರಲ್ಲಿ ನನ್ನ ಪದಸೂಚಿಯನ್ನು ಊರಿನ ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ಬೆರಳಚ್ಚು ಮಾಡಿಸಿದ್ದೆ. ಪ್ರಕಾಶಕರು ಹಿಂದೆ ಸರಿದದ್ದರಿಂದ ಅದು ಅಚ್ಚಾಗದೆ ಫ್ಲಾಪಿಗಳಲ್ಲಿಯೂ, ಆಮೇಲೆ ಒಂದು ಸಿ.ಡಿ.ಯಲ್ಲಿಯೂ ಉಳಿಯಿತು. ನಿವೃತ್ತಿಯ ಬಳಿಕ ಅದನ್ನು ಪರಿಷ್ಕರಿಸೋಣವೆಂದು ಅವಳ ಕೈಗೆ ಕೊಟ್ಟೆ. ತೆರೆಯ ಮೇಲೆ ಮೂಡಿದ್ದು ಇಂಗ್ಲಿಷಿನ ಅಕ್ಷರಗಳ, ಉದ್ಧರಣ ಚಿಹ್ನೆಗಳ, ವಿದೇಶೀ ಸ್ವರಚಿಹ್ನೆಗಳ ಒಂದು ಕಲಸುಮೇಲೋಗರ. ಕನ್ನಡದ ಒಂದಕ್ಷರವೂ ಅಲ್ಲಿರಲಿಲ್ಲ. ಹದಿಮೂರು ವರ್ಷದ ಕೆಲಸ ಒಂದು ನಿಮಿಷ ನನ್ನನ್ನು ದಿಟ್ಟಿಸಿ ನೋಡಿತು. ನಾನು ಯಂತ್ರ ಕೆಟ್ಟಿದೆಯೇ ಎಂದು ಕೇಳಿದೆ.

"ಯಂತ್ರ ಸರಿಯಾಗೇ ಇದೆ, ಮಾವ," ಎಂದಳು ಅವಳು. "ಈ ಕಡತದಲ್ಲಿ ಕನ್ನಡ ಯಾವತ್ತೂ ಇರಲೇ ಇಲ್ಲ. ಕನ್ನಡದ ಚಿತ್ರ ಮಾತ್ರ ಇತ್ತು."

ಆ ಮಾತಿನ ಅರ್ಥ ನನಗೆ ತಿಳಿಯಲು ಒಂದು ವಾರ ಹಿಡಿಯಿತು. ಆ ವಾರದಲ್ಲಿಯೇ ಅವಳು ಆ ಲೇಖನವನ್ನು ಅಚ್ಚು ಮಾಡಿಸಿ ತಂದುಕೊಟ್ಟದ್ದು. ಮೊದಲು ಅದರ ವಿಷಯವನ್ನು ಹೇಳಿ ಆಮೇಲೆ ನನ್ನ ಕಡತಕ್ಕೆ ಬರುತ್ತೇನೆ.

1968ರ ಅಕ್ಟೋಬರಿನಲ್ಲಿ ಜರ್ಮನಿಯ ಗಾರ್ಮಿಶ್ ಎಂಬಲ್ಲಿ ಒಂದು ಸಮ್ಮೇಳನ ಸೇರಿತ್ತು. ಯಂತ್ರಗಳು ದೊಡ್ಡವಾಗುತ್ತಿವೆ, ಅವುಗಳಿಗೆ ಬರೆಯುವ ಪ್ರೋಗ್ರಾಮುಗಳು ಇನ್ನೂ ದೊಡ್ಡವಾಗುತ್ತಿವೆ, ಬರೆದವರಿಗೇ ಅವು ಅರ್ಥವಾಗದಂತಾಗುತ್ತಿವೆ ಎಂಬ ಕಳವಳವನ್ನು ಅಲ್ಲಿ ಎಲ್ಲರೂ ತೋಡಿಕೊಂಡರು. ದೊಡ್ಡದನ್ನು ಸಣ್ಣ ಸಣ್ಣ ಘಟಕಗಳಾಗಿ ಒಡೆಯಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಎಲ್ಲಿ ಒಡೆಯಬೇಕೆಂಬುದೇ ಪ್ರಶ್ನೆ. ಮನೆಗೆ ಗೋಡೆಗಳು ಬೇಕೆಂದು ಎಲ್ಲರೂ ಬಲ್ಲರು; ಗೋಡೆಯನ್ನು ಎಲ್ಲಿ ಎಬ್ಬಿಸಬೇಕೆಂಬುದನ್ನು ಬಲ್ಲವನು ಮಾತ್ರ ಮೇಸ್ತ್ರಿ.

ಈ ಪ್ರಶ್ನೆಗೆ 1972ರ ಡಿಸೆಂಬರಿನಲ್ಲಿ ಡೇವಿಡ್ ಪಾರ್ನಾಸ್ ಎಂಬ, ಆಗಿನ್ನೂ ಮೂವತ್ತೊಂದು ವರ್ಷದ ಪ್ರಾಧ್ಯಾಪಕರು ಆರು ಪುಟಗಳ ಒಂದು ಲೇಖನದಲ್ಲಿ ಉತ್ತರ ಕೊಟ್ಟರು. ಅವರು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿದ್ದರು. ಉದಾಹರಣೆಗೆಂದು ಅವರು ತೆಗೆದುಕೊಂಡದ್ದು ಒಂದು ಬಗೆಯ ಪದಸೂಚಿಯನ್ನು. ಐ.ಬಿ.ಎಂ. ಸಂಸ್ಥೆಯ ಹ್ಯಾನ್ಸ್ ಪೀಟರ್ ಲೂನ್ ಎಂಬವರು 1950ರ ದಶಕದ ಕೊನೆಯಲ್ಲಿ ವೈಜ್ಞಾನಿಕ ಲೇಖನಗಳ ಶೀರ್ಷಿಕೆಗಳನ್ನು ಹುಡುಕಲು ಅನುಕೂಲವಾಗಲೆಂದು ಆ ವಿಧಾನವನ್ನು ಬಳಕೆಗೆ ತಂದಿದ್ದರು. ಒಂದು ಸಾಲನ್ನು ತೆಗೆದುಕೊಳ್ಳಿ. ಅದರ ಮೊದಲ ಪದವನ್ನು ಕಿತ್ತು ಕೊನೆಗೆ ಸೇರಿಸಿ. ಈಗ ಎರಡನೆಯ ಪದ ಮೊದಲಿಗೆ ಬಂತು. ಮತ್ತೆ ಹಾಗೆಯೇ ಮಾಡಿ. ಸಾಲಿನಲ್ಲಿ ಐದು ಪದಗಳಿದ್ದರೆ ಐದು ಸರದಿಗಳಲ್ಲಿ ಪ್ರತಿಯೊಂದು ಪದವೂ ಒಮ್ಮೆ ತಲೆಗೆ ಬರುತ್ತದೆ. ಹೀಗೆ ತಿರುಗಿಸಿದ ಎಲ್ಲ ಸಾಲುಗಳನ್ನೂ ಅಕ್ಷರಕ್ರಮದಲ್ಲಿ ಅಚ್ಚು ಹಾಕಿದರೆ, ಯಾವ ಪದವನ್ನು ಹುಡುಕಿದರೂ ಅದರ ಸಂದರ್ಭದ ಸಮೇತ ಸಿಕ್ಕುತ್ತದೆ. ನಾನು ಹದಿಮೂರು ವರ್ಷ ಕೈಯಿಂದ ಮಾಡಿದ್ದು ಬಹುಮಟ್ಟಿಗೆ ಇದನ್ನೇ. ಒಳ್ಳೆಯ ಪ್ರೋಗ್ರಾಮರನೊಬ್ಬ ಇದನ್ನು ಒಂದೆರಡು ವಾರದಲ್ಲಿ ಬರೆದುಬಿಡಬಲ್ಲನೆಂದು ಪಾರ್ನಾಸರು ಹೇಳುತ್ತಾರೆ. ಆ ವಾಕ್ಯವನ್ನು ಓದಿದಾಗ ನನಗೆ ಅಷ್ಟೇನೂ ಸಂತೋಷವಾಗಲಿಲ್ಲ.

ಈ ಕೆಲಸವನ್ನು ಅವರು ಎರಡು ಬಗೆಯಲ್ಲಿ ಹಂಚಿ ತೋರಿಸಿದರು. ಮೊದಲನೆಯದು ಯಾರಿಗಾದರೂ ಥಟ್ಟನೆ ಹೊಳೆಯುವ ಬಗೆ. ಸಾಲುಗಳನ್ನು ಓದಿಕೊಳ್ಳುವುದು ಒಂದು ಘಟಕ, ತಿರುಗಿಸುವುದು ಇನ್ನೊಂದು, ಅಕ್ಷರಕ್ರಮದಲ್ಲಿ ಜೋಡಿಸುವುದು ಮತ್ತೊಂದು, ಅಚ್ಚು ಹಾಕುವುದು ಮಗದೊಂದು, ಇವೆಲ್ಲವನ್ನೂ ಸರದಿಯಂತೆ ಕರೆಯುವ ಒಬ್ಬ ಯಜಮಾನ. ಮದುವೆಮನೆಯ ಅಡುಗೆಯಲ್ಲಿ ಒಬ್ಬರು ಹೆಚ್ಚುವುದು, ಒಬ್ಬರು ಬೇಯಿಸುವುದು, ಒಬ್ಬರು ಬಡಿಸುವುದು ಇದ್ದಂತೆ. ಕೆಲಸ ಯಾವ ಕ್ರಮದಲ್ಲಿ ನಡೆಯುತ್ತದೆಯೋ ಅದೇ ಕ್ರಮದಲ್ಲಿ ಗೋಡೆ. ಇದರಲ್ಲಿ ತಪ್ಪೇನು?

ಈ ನಾಲ್ಕೂ ಜನ ಒಂದೇ ಉಗ್ರಾಣಕ್ಕೆ ಕೈಹಾಕುತ್ತಾರೆ. ಸಾಲುಗಳನ್ನು ಯಂತ್ರದ ಸ್ಮೃತಿಯಲ್ಲಿ ಹೇಗೆ ಇಟ್ಟಿದೆ ಎಂಬುದು ನಾಲ್ವರಿಗೂ ಗೊತ್ತಿರಲೇಬೇಕು. ಆ ಕಾಲದಲ್ಲಿ ಸ್ಮೃತಿ ತುಂಬ ದುಬಾರಿ. ಅದಕ್ಕಾಗಿ ಒಂದೊಂದು ಮನೆಯಲ್ಲಿ ನಾಲ್ಕು ನಾಲ್ಕು ಅಕ್ಷರಗಳನ್ನು ಒತ್ತಿ ತುಂಬಿಡುವ ಏರ್ಪಾಟು. ನಾಳೆ ಸ್ಮೃತಿ ಅಗ್ಗವಾಯಿತು, ಮನೆಗೊಂದೇ ಅಕ್ಷರ ಇಟ್ಟರೆ ಸಾಕೆಂದುಕೊಳ್ಳಿ. ಆಗ ಓದುವವನಿಂದ ಹಿಡಿದು ಅಚ್ಚು ಹಾಕುವವನವರೆಗೆ ಎಲ್ಲರ ಪ್ರೋಗ್ರಾಮನ್ನೂ ತಿದ್ದಬೇಕು. ಗೋಡೆಗಳಿದ್ದವು ನಿಜ, ಆದರೆ ಒಂದು ಕೋಣೆಯ ಹೆಂಚು ಸರಿಸಿದರೆ ಎಲ್ಲ ಕೋಣೆಗಳೂ ಸೋರುತ್ತಿದ್ದವು.

ಎರಡನೆಯ ಬಗೆಯಲ್ಲಿ ಪಾರ್ನಾಸರು ಪ್ರಶ್ನೆಯನ್ನೇ ಬದಲಿಸಿದರು. ಮುಂದೆ ಬದಲಾಗಬಹುದಾದ ನಿರ್ಧಾರಗಳು ಯಾವುವು, ಅವುಗಳಲ್ಲಿ ಒಂದೊಂದನ್ನೂ ಒಂದೊಂದು ಕೋಣೆಯಲ್ಲಿ ಬಚ್ಚಿಡುವುದು ಹೇಗೆ ಎಂದು ಅವರು ಕೇಳಿಕೊಂಡರು. ಸಾಲುಗಳನ್ನು ಇಟ್ಟುಕೊಳ್ಳುವುದಕ್ಕೇ ಒಂದು ಪ್ರತ್ಯೇಕ ಘಟಕ. ಅದು ಒಳಗೆ ಹೇಗೆ ಇಟ್ಟಿದೆಯೆಂದು ಹೊರಗಿನ ಯಾರಿಗೂ ತಿಳಿಯದು. ಬೇಕಾದವರು ಬಾಗಿಲಲ್ಲಿ ನಿಂತು ‘ಮೂರನೆಯ ಸಾಲಿನ ಎರಡನೆಯ ಪದದ ಐದನೆಯ ಅಕ್ಷರ ಕೊಡಿ’ ಎಂದು ಕೇಳಬೇಕು, ಪಡೆಯಬೇಕು, ಹೋಗಬೇಕು. ತಿರುಗಿಸುವ ಘಟಕ ನಿಜವಾಗಿಯೂ ಸಾಲುಗಳ ಪ್ರತಿ ಮಾಡಿಟ್ಟುಕೊಂಡಿದೆಯೋ, ಅಥವಾ ಇಂಥ ಸಾಲನ್ನು ಇಂಥ ಪದದಿಂದ ಓದಿರೆಂಬ ಟಿಪ್ಪಣಿಯನ್ನಷ್ಟೇ ಇಟ್ಟುಕೊಂಡಿದೆಯೋ, ಅದು ಅದರ ಗುಟ್ಟು. ಜೋಡಿಸುವ ಘಟಕ ಎಲ್ಲವನ್ನೂ ಮೊದಲೇ ಜೋಡಿಸಿಡುತ್ತದೆಯೋ, ಕೇಳಿದಾಗಷ್ಟೇ ಹುಡುಕಿ ಕೊಡುತ್ತದೆಯೋ, ಅದೂ ಗುಟ್ಟೇ. ಪ್ರತಿಯೊಂದು ಘಟಕಕ್ಕೂ ಒಂದು ಗುಟ್ಟಿರಬೇಕು. ಆ ಗುಟ್ಟೇ ಆ ಘಟಕ ಇರುವುದಕ್ಕೆ ಕಾರಣ. ಈಗ ಸ್ಮೃತಿಯ ಏರ್ಪಾಟು ಬದಲಾದರೆ ತಿದ್ದಬೇಕಾದದ್ದು ಒಂದೇ ಘಟಕ. ಈ ತತ್ತ್ವಕ್ಕೆ ಅವರು ಕೊಟ್ಟ ಹೆಸರನ್ನು ಕನ್ನಡದಲ್ಲಿ ‘ಮಾಹಿತಿಯ ಮರೆ’ ಎನ್ನಬಹುದೇನೋ.

ಇದನ್ನು ಓದುತ್ತಿದ್ದಂತೆ ಅಟ್ಟದ ಮೇಲಿನ ಪೆಟ್ಟಿಗೆಗಳು ನೆನಪಾಗಿ ನನಗೆ ಬೆವರು ಬಂತು. ಏಕೆಂದರೆ ನನ್ನ ಚೀಟಿಗಳಲ್ಲಿಯೂ ಇದೇ ತಪ್ಪು ಕೂತಿತ್ತು. ಪದ ಎಲ್ಲಿ ಬರುತ್ತದೆಂದು ಸೂಚಿಸುವುದಕ್ಕೆ ನಾನು ಆಗ ಬಳಕೆಯಲ್ಲಿದ್ದ ಮುದ್ರಣದ ಪುಟಸಂಖ್ಯೆಯನ್ನೂ ಸಾಲಿನ ಸಂಖ್ಯೆಯನ್ನೂ ಹಾಕಿದ್ದೆ. ಪುಟಸಂಖ್ಯೆ ಎಂಬುದು ಕವಿಯದಲ್ಲ, ಸಂಪಾದಕನದೂ ಅಲ್ಲ. ಕಾಗದದ ಅಳತೆಯನ್ನು ನೋಡಿ ಮುದ್ರಕನು ಕೈಗೊಂಡ ನಿರ್ಧಾರ. ಕೆಲವು ವರ್ಷಗಳ ಅನಂತರ ಬೇರೆ ಅಳತೆಯಲ್ಲಿ ಮರುಮುದ್ರಣ ಬಂತು. ಸಾವಿರಾರು ಚೀಟಿಗಳ ಸಂಖ್ಯೆ ಒಂದೇ ಏಟಿಗೆ ಸುಳ್ಳಾಯಿತು. ಪದ್ಯಗಳಿಗೆ ನನ್ನದೇ ಒಂದು ಕ್ರಮಸಂಖ್ಯೆ ಕೊಟ್ಟು, ಆ ಸಂಖ್ಯೆ ಯಾವ ಮುದ್ರಣದಲ್ಲಿ ಯಾವ ಪುಟವೆಂಬುದನ್ನು ಬೇರೊಂದು ಹಾಳೆಯಲ್ಲಿ ಬರೆದಿಟ್ಟಿದ್ದರೆ, ತಿದ್ದಬೇಕಾಗಿದ್ದದ್ದು ಆ ಹಾಳೆಯನ್ನು ಮಾತ್ರ. ನಾನೂ ನನ್ನ ಇಬ್ಬರು ವಿದ್ಯಾರ್ಥಿಗಳೂ ಎರಡು ಬೇಸಗೆ ರಜೆಗಳನ್ನು ಆ ತಿದ್ದುಪಡಿಯಲ್ಲಿ ಕಳೆದೆವು. ಗಣಕಯಂತ್ರವಿಲ್ಲದೆಯೂ ಈ ಶಾಸ್ತ್ರದ ತಪ್ಪುಗಳನ್ನು ಮಾಡಬಹುದು ಎಂಬುದಕ್ಕೆ ನಾನೇ ಸಾಕ್ಷಿ.

ಇನ್ನು ಡಿ.ಟಿ.ಪಿ. ಅಂಗಡಿಯ ಕಡತದ ವಿಷಯ. ಆ ದಿನಗಳ ಯಂತ್ರಗಳಲ್ಲಿ ಒಂದು ಅಕ್ಷರಕ್ಕೆ ಇದ್ದದ್ದು 256 ಸ್ಥಾನಗಳಲ್ಲಿ ಒಂದು. ಅದರಲ್ಲಿ ಅರ್ಧ ಇಂಗ್ಲಿಷಿನ ಅಕ್ಷರಗಳಿಗೂ ಚಿಹ್ನೆಗಳಿಗೂ ನಿಯತವಾಗಿತ್ತು. ಕನ್ನಡವನ್ನು ತೆರೆಯ ಮೇಲೆ ತರಬೇಕೆಂದು ಹಟ ತೊಟ್ಟವರು ಒಂದು ಉಪಾಯ ಮಾಡಿದರು. ನಮ್ಮ ಅಕ್ಷರಗಳನ್ನು ತಲೆಕಟ್ಟು, ಗುಣಿತದ ಕೊಂಬು, ಒತ್ತು, ದೀರ್ಘ ಎಂದು ತುಂಡುತುಂಡು ಮಾಡಿ, ಇಂಗ್ಲಿಷಿನ ಒಂದೊಂದು ಅಕ್ಷರದ ಜಾಗದಲ್ಲಿ ಒಂದೊಂದು ತುಂಡನ್ನು ಕೂರಿಸಿದರು. ಕಡತದ ಒಳಗೆ ಇರುವುದು ಇಂಗ್ಲಿಷಿನ ಸಂಕೇತವೇ. ಅಚ್ಚಕ್ಷರದ ಫಾಂಟು ಅದಕ್ಕೆ ಕನ್ನಡದ ಮುಖವಾಡ ತೊಡಿಸುತ್ತದೆ. ಒಂದೊಂದು ಸಂಸ್ಥೆಯವರು ತುಂಡುಗಳನ್ನು ತಮಗೆ ತೋಚಿದ ಜಾಗಗಳಲ್ಲಿ ಕೂರಿಸಿದ್ದರಿಂದ ಒಬ್ಬರ ಫಾಂಟಿನಲ್ಲಿ ಬರೆದದ್ದು ಇನ್ನೊಬ್ಬರ ಫಾಂಟಿನಲ್ಲಿ ಓದಲು ಬರುತ್ತಿರಲಿಲ್ಲ. ಮುಖವಾಡ ಕಳೆದುಹೋದರೆ ಉಳಿಯುವುದು ನಾನು ಕಂಡ ಆ ಕಲಸುಮೇಲೋಗರ. ಆ ಉಪಾಯವನ್ನು ಹಳಿಯುವುದಕ್ಕೆ ನನಗೆ ಮನಸ್ಸಿಲ್ಲ. ಅಷ್ಟು ಇಕ್ಕಟ್ಟಿನ ಜಾಗದಲ್ಲಿ ಅವರು ಕನ್ನಡವನ್ನು ಉಳಿಸಿದರು. ಎಷ್ಟೋ ಪುಸ್ತಕಗಳೂ ಪತ್ರಿಕೆಗಳೂ ಅದರಿಂದಲೇ ಅಚ್ಚಾದವು.

ಆದರೆ ಪಾರ್ನಾಸರ ಕಣ್ಣಿನಿಂದ ನೋಡಿದರೆ ಅಲ್ಲಿ ಬಯಲಾಗಿದ್ದ ಗುಟ್ಟು ಯಾವುದೆಂದು ತಿಳಿಯುತ್ತದೆ. ಒಂದು ಅಕ್ಷರವನ್ನು ಹೇಗೆ ಚಿತ್ರಿಸಬೇಕೆಂಬುದು ಫಾಂಟಿನ ಗುಟ್ಟಾಗಿ ಉಳಿಯಬೇಕಾಗಿತ್ತು. ಅದು ಕಡತದ ಒಳಕ್ಕೇ ನುಗ್ಗಿಬಿಟ್ಟಿತ್ತು. ಅದರ ಫಲ ಓದಲು ಬಾರದಿರುವುದಷ್ಟೇ ಅಲ್ಲ. ‘ಅರ್ಥ’ ಎಂಬ ಪದವನ್ನು ನೋಡಿ. ಬಾಯಲ್ಲಿ ಮೊದಲು ರಕಾರ, ಅನಂತರ ಥಕಾರ. ಬರವಣಿಗೆಯಲ್ಲಿ ಥಕಾರ ಮೊದಲು, ಅದರ ಬಲಕ್ಕೆ ಅರ್ಕಾವೊತ್ತು. ಚಿತ್ರವನ್ನೇ ಕೂಡಿಡುವ ಕಡತದಲ್ಲಿ ಈ ಪದ ಅ, ಥ, ಅರ್ಕಾವೊತ್ತು ಎಂದು ಕೂತಿರುತ್ತದೆ. ಅದನ್ನು ಅಕಾರಾದಿಯಾಗಿ ಜೋಡಿಸೆಂದು ಯಂತ್ರಕ್ಕೆ ಹೇಳಿದರೆ ಏನಾದೀತು? ಧರ್ಮ, ಕರ್ಮ, ಸೂರ್ಯ, ಸ್ವರ್ಗ ಇವು ಯಾವುವೂ ತಮ್ಮ ಸ್ಥಾನದಲ್ಲಿ ಕೂರವು. ಪದಸೂಚಿಯ ಕೆಲಸವೇ ಜೋಡಣೆ. ಜೋಡಣೆಯೇ ಅಸಾಧ್ಯವಾದ ಕಡತದಲ್ಲಿ ನಾನು ಪದಸೂಚಿಯನ್ನು ಇಟ್ಟಿದ್ದೆ. ಕಿವಿಗೆ ಕೇಳುವ ವರ್ಣ ಬೇರೆ, ಕಣ್ಣಿಗೆ ಕಾಣುವ ಲಿಪಿ ಬೇರೆ ಎಂದು ಮೂವತ್ತು ವರ್ಷ ವ್ಯಾಕರಣದ ಮೊದಲ ಪಾಠದಲ್ಲಿ ಹೇಳುತ್ತಿದ್ದವನು ನಾನು. ಅದೇ ಮಾತನ್ನು ನನ್ನ ಸೋದರಸೊಸೆಯ ಬಾಯಿಂದ ತಂತ್ರಾಂಶದ ಪಾಠವಾಗಿ ಕೇಳಬೇಕಾಯಿತು.

ಈ ಗೋಡೆಯನ್ನು ಸರಿಯಾದ ಜಾಗದಲ್ಲಿ ಎಬ್ಬಿಸುವ ಯೋಚನೆ ನಮ್ಮ ದೇಶದಲ್ಲಿ ಮೊದಲೇ ಇತ್ತು. ಬ್ರಾಹ್ಮಿಯಿಂದ ಹುಟ್ಟಿದ ಭಾರತೀಯ ಲಿಪಿಗಳೆಲ್ಲಕ್ಕೂ ಒಂದೇ ವರ್ಣಮಾಲೆಯ ಆಧಾರದ ಮೇಲೆ ಸಂಕೇತಗಳನ್ನು ಕೊಡುವ ‘ಇಸ್ಕಿ’ ಎಂಬ ಭಾರತೀಯ ಮಾನಕ 1980ರ ದಶಕದಲ್ಲಿಯೇ ರೂಪುಗೊಂಡು 1991ರಲ್ಲಿ ಪರಿಷ್ಕೃತವಾಯಿತು. ಅದೇ 1991ರಲ್ಲಿ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿ ಅದನ್ನು ಅನುಸರಿಸಿ ಕನ್ನಡಕ್ಕೆ ತನ್ನದೇ ಒಂದು ವಠಾರವನ್ನು ಕೊಟ್ಟಿತು. ಅದರಲ್ಲಿ ಕಕಾರಕ್ಕೆ ಒಂದೇ ಸಂಖ್ಯೆ, ನಮ್ಮ ದಶಮಾನದಲ್ಲಿ 3221. ಅದನ್ನು ಯಾರ ಫಾಂಟಿನಲ್ಲಿ ಬರೆದರೂ, ದುಂಡಗೆ ಬರೆದರೂ ಚೂಪಾಗಿ ಬರೆದರೂ ಸಂಖ್ಯೆ ಬದಲಾಗದು. ‘ಕ್ಷ’ ಬೇಕಾದರೆ ಕಕಾರ, ಹಲಂತಚಿಹ್ನೆ, ಷಕಾರ ಎಂದು ಮೂರನ್ನು ಉಚ್ಚಾರಣೆಯ ಕ್ರಮದಲ್ಲಿ ಇಡುವುದು. ಅದನ್ನು ಒಂದು ಒತ್ತಕ್ಷರವಾಗಿ ಹೊಸೆಯುವುದು ಫಾಂಟಿನ ಹೊಣೆ. ‘ಅರ್ಥ’ದಲ್ಲಿ ರಕಾರವೇ ಮೊದಲು, ಅರ್ಕಾವೊತ್ತನ್ನು ಬಲಕ್ಕೆ ಎಳೆದು ಬರೆಯುವ ಚಮತ್ಕಾರ ಗೋಡೆಯ ಆಚೆಗೆ ನಡೆಯುತ್ತದೆ.

ಈ ಸಂದರ್ಭದಲ್ಲಿ ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸವನ್ನು ನೆನೆಯದೆ ಮುಂದಕ್ಕೆ ಹೋಗಲಾರೆ. ಅದರಲ್ಲಿ ಬೆರಳು ಧ್ವನಿಯ ಕ್ರಮವನ್ನು ಅನುಸರಿಸುತ್ತದೆ. ಒತ್ತಕ್ಷರ ಬೇಕಾದರೆ ಎರಡು ವ್ಯಂಜನಗಳ ನಡುವೆ ಒಂದು ಕೀಲಿಯನ್ನು ಒತ್ತಿದರೆ ಸಾಕು. ಒಳಗೆ ಏನನ್ನು ಕೂಡಿಡುತ್ತಿದೆ ಎಂಬುದು ಬೆರಳಿಗೆ ತಿಳಿಯಬೇಕಾಗಿಲ್ಲ. ಅದಕ್ಕಾಗಿಯೇ ಹಳೆಯ ಫಾಂಟುಗಳು ಹೋಗಿ ಯೂನಿಕೋಡ್ ಬಂದಾಗಲೂ ಆ ಕೀಲಿಮಣೆಗೆ ಒಗ್ಗಿದ್ದ ಬೆರಳಚ್ಚುಗಾರರು ಹೊಸದಾಗಿ ಏನನ್ನೂ ಕಲಿಯಬೇಕಾಗಲಿಲ್ಲ. ಒಳಗಿನ ಮನೆಯನ್ನೆಲ್ಲ ಕೆಡವಿ ಕಟ್ಟಿದರೂ ಹೊಸ್ತಿಲು ಅದೇ ಉಳಿಯಿತು. ತಂತ್ರಾಂಶದ ವಾಸ್ತು ಚೆನ್ನಾಗಿದೆಯೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಲಕ್ಷಣವನ್ನು ನಾನು ಕಾಣೆ.

ಹೊಸ್ತಿಲಿನ ಮಾತು ಬಂದದ್ದರಿಂದ ಅದರ ಇನ್ನೊಂದು ಮುಖವನ್ನೂ ಹೇಳಿಬಿಡುತ್ತೇನೆ. ಹೊರಗಿನವರಿಗೆ ಕಾಣುವಂತೆ ಒಮ್ಮೆ ಇಟ್ಟದ್ದನ್ನು ಮತ್ತೆ ತೆಗೆಯುವಂತಿಲ್ಲ. ಅದನ್ನು ನಂಬಿ ಬೇರೆಯವರು ಕಟ್ಟಿಕೊಂಡಿರುತ್ತಾರೆ. ಯೂನಿಕೋಡಿನಲ್ಲಿ ನಮ್ಮ ಹಳಗನ್ನಡದ ೞಕಾರಕ್ಕೂ ಒಂದು ಸ್ಥಾನವಿದೆ. ಆದರೆ ಅದರ ಅಧಿಕೃತ ಹೆಸರು ಏನೆಂದು ತಿಳಿದಿದ್ದೀರಿ? ‘ಕನ್ನಡದ ಫ ಅಕ್ಷರ’, ಅದೂ ಇಂಗ್ಲಿಷಿನ ಎಫ್ ಇಟ್ಟು ಬರೆದ ಫ! ಯಾರೋ ಎಲ್ಲಿಯೋ ತಪ್ಪಿ ಬರೆದರು, ಅದು ಹಾಗೆಯೇ ಅಚ್ಚಾಯಿತು. ತಪ್ಪು ಬೆಳಕಿಗೆ ಬಂದಿದೆ, ಅದನ್ನು ಒಪ್ಪಿಕೊಂಡೂ ಇದ್ದಾರೆ, ಸರಿಯಾದ ಹೆಸರೊಂದನ್ನು ಪರ್ಯಾಯವಾಗಿ ಪಕ್ಕದಲ್ಲಿ ಸೇರಿಸಿಯೂ ಇದ್ದಾರೆ. ಆದರೆ ಮೂಲ ಹೆಸರು ಎಂದೆಂದಿಗೂ ಬದಲಾಗುವಂತಿಲ್ಲ, ಏಕೆಂದರೆ ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬುದು ಅವರ ನಿಯಮ. ಮೊದಲು ನನಗೆ ರೇಗಿತು. ಆಮೇಲೆ ಆ ನಿಯಮದಲ್ಲಿ ನ್ಯಾಯವಿದೆಯೆಂದು ತೋರಿತು. ಆದರೂ ಆ ಹೆಸರನ್ನು ಇಡುವ ದಿನ ಮೇಜಿನ ಬಳಿ ಹಳಗನ್ನಡ ಬಲ್ಲವರೊಬ್ಬರು ಕೂತಿದ್ದರೆ ಎಷ್ಟು ಚೆನ್ನಾಗಿತ್ತು ಎಂಬ ಕೊರಗು ಮಾತ್ರ ಹೋಗಿಲ್ಲ.

ಈ ಕೊರಗಿಗೂ ಪಾರ್ನಾಸರ ತತ್ತ್ವಕ್ಕೂ ಸಂಬಂಧವಿದೆ. ಬದಲಾಗಬಹುದಾದದ್ದನ್ನು ಬಚ್ಚಿಡಬೇಕು ಎನ್ನುವುದು ಸುಲಭ. ಯಾವುದು ಬದಲಾದೀತು, ಯಾವುದು ಸ್ಥಿರವಾಗಿ ಉಳಿದೀತು ಎಂದು ಹೇಳುವವರು ಯಾರು? ಅದು ಪ್ರೋಗ್ರಾಮಿನ ಒಳಗೆ ಬರೆದಿರುವುದಿಲ್ಲ. ಆ ಕೆಲಸವನ್ನು ಬಹುಕಾಲ ಮಾಡಿದವರ ಅನುಭವದಲ್ಲಿ ಇರುತ್ತದೆ. ಬ್ಯಾಂಕಿನ ಪ್ರೋಗ್ರಾಮಿಗೆ ಬ್ಯಾಂಕಿನ ಗುಮಾಸ್ತ, ಪದಸೂಚಿಯ ಪ್ರೋಗ್ರಾಮಿಗೆ ಚೀಟಿ ಬರೆದು ಬೆರಳು ಸವೆಸಿಕೊಂಡವನು. ಈ ಮಾತನ್ನು ಕೇಳದೆ ಕಟ್ಟಿದ್ದರ ಬೆಲೆ ಎಷ್ಟೆಂದು ಜಗತ್ತು 1999ರಲ್ಲಿ ಕಂಡಿತು. ಎಂಬತ್ತು ಅಂಕಣಗಳ ರಂಧ್ರಪತ್ರದಲ್ಲಿ ಜಾಗ ಉಳಿಸುವುದಕ್ಕೆಂದು ಇಸವಿಯನ್ನು ಎರಡೇ ಅಂಕಿಗಳಲ್ಲಿ ಬರೆಯುವ ರೂಢಿ ಹಿಂದೆ ಬಂದಿತ್ತು. ಅದು ಒಂದು ಕೋಣೆಯ ಗುಟ್ಟಾಗಿದ್ದರೆ ಒಂದೇ ಕಡೆ ತಿದ್ದಿದರೆ ಮುಗಿಯುತ್ತಿತ್ತು. ಅದು ಲಕ್ಷಾಂತರ ಸಾಲುಗಳಲ್ಲಿ ಚದುರಿಹೋಗಿದ್ದರಿಂದ ಒಂದೊಂದು ಸಾಲನ್ನೂ ಹುಡುಕಿ ತಿದ್ದಬೇಕಾಯಿತು. ಆ ಕೆಲಸದ ಒಂದು ದೊಡ್ಡ ಪಾಲು ಭಾರತದ ತಂತ್ರಾಂಶ ಸಂಸ್ಥೆಗಳಿಗೆ ಬಂತು. ಅನ್ಯರ ಗೋಡೆ ತಪ್ಪಿದ್ದರಿಂದ ಬೆಂಗಳೂರಿನಲ್ಲಿ ಎಷ್ಟೋ ಮನೆಗಳಿಗೆ ಗೋಡೆ ಎದ್ದವು ಎಂದರೆ ಅತಿಶಯೋಕ್ತಿಯಾಗಲಾರದು.

ಪಾರ್ನಾಸರ ಮಾತನ್ನು ಎಲ್ಲರೂ ಒಡನೆಯೇ ಒಪ್ಪಿದರೆಂದು ತಿಳಿಯಬಾರದು. ಐ.ಬಿ.ಎಂ.ನಲ್ಲಿ ಅಂದಿನ ಕಾಲಕ್ಕೆ ಬೃಹತ್ತಾದ ತಂತ್ರಾಂಶವೊಂದರ ನಿರ್ಮಾಣವನ್ನು ನಡೆಸಿದ ಫ್ರೆಡರಿಕ್ ಬ್ರೂಕ್ಸ್ ಅವರು 1975ರಲ್ಲಿ ತಮ್ಮ ಅನುಭವವನ್ನು ಒಂದು ಪುಸ್ತಕವಾಗಿ ಬರೆದರು. ಗಡುವು ಮೀರಿದ ಕೆಲಸಕ್ಕೆ ಇನ್ನಷ್ಟು ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂಬ ಅವರ ಮಾತು ಪ್ರಸಿದ್ಧ. ಆ ಪುಸ್ತಕದಲ್ಲಿ ಅವರು, ಎಲ್ಲ ಘಟಕಗಳ ಒಳಗುಟ್ಟೂ ಎಲ್ಲ ಪ್ರೋಗ್ರಾಮರುಗಳಿಗೂ ತಿಳಿದಿರುವುದೇ ಒಳ್ಳೆಯದೆಂದು ಪಾರ್ನಾಸರನ್ನು ಅಲ್ಲಗಳೆದಿದ್ದರು. ಇಪ್ಪತ್ತು ವರ್ಷಗಳ ಬಳಿಕ 1995ರಲ್ಲಿ ಅದರ ಹೊಸ ಆವೃತ್ತಿ ಬಂದಾಗ ಪಾರ್ನಾಸರೇ ಸರಿ, ತಾವೇ ತಪ್ಪಿದ್ದೆವು ಎಂದು ಅದರಲ್ಲಿಯೇ ಬರೆದರು. ನಮ್ಮ ವಿದ್ವತ್ಪ್ರಪಂಚದಲ್ಲಿ ಒಂದು ಪಾಠಾಂತರದ ವಿಷಯದಲ್ಲಿಯಾದರೂ ಹೀಗೆ ಬರೆದವರನ್ನು ಬೆರಳುಗಳಲ್ಲಿ ಎಣಿಸಬಹುದು. ನಾನಂತೂ ಆ ಎಣಿಕೆಯಲ್ಲಿ ಇಲ್ಲ.

1968ರಲ್ಲಿ ಮೆಲ್ವಿನ್ ಕಾನ್ವೆ ಎಂಬವರು ಇನ್ನೊಂದು ಚುರುಕಾದ ಮಾತನ್ನು ಹೇಳಿದ್ದರು. ಒಂದು ಸಂಸ್ಥೆಯ ಜನ ಯಾರು ಯಾರೊಡನೆ ಮಾತನಾಡುತ್ತಾರೆಯೋ, ಆ ಸಂಸ್ಥೆ ಕಟ್ಟುವ ವಸ್ತುವಿನ ಆಕಾರವೂ ಅದೇ ಆಗಿರುತ್ತದೆ ಎಂಬುದು ಅದರ ತಾತ್ಪರ್ಯ. ಪಠ್ಯಪುಸ್ತಕ ಸಮಿತಿಗಳಲ್ಲಿ ಕೂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪರಸ್ಪರ ಮಾತು ಬಿಟ್ಟ ನಾಲ್ವರು ಸಂಪಾದಿಸಿದ ಪುಸ್ತಕದಲ್ಲಿ ನಾಲ್ಕು ಭಾಗಗಳಿರುತ್ತವೆ, ನಾಲ್ಕು ಬಗೆಯ ಕಾಗುಣಿತವಿರುತ್ತದೆ.

ಹಾಗೆಂದು ಗೋಡೆ ಹೆಚ್ಚಿದಷ್ಟೂ ಮನೆ ಚೆನ್ನ ಎಂದು ಭಾವಿಸಬಾರದು. ಪ್ರತಿಯೊಂದು ಅಕ್ಷರಕ್ಕೂ ಬಾಗಿಲಲ್ಲಿ ನಿಂತು ಕೇಳುವುದಾದರೆ ಕೆಲಸ ನಿಧಾನವಾಗುವ ಅಪಾಯವಿದೆಯೆಂದು ಪಾರ್ನಾಸರೇ ಎಚ್ಚರಿಸಿದ್ದಾರೆ. ನನ್ನ ಸೋದರಸೊಸೆಯ ದೂರು ಬೇರೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಎಂದೂ ಬಾರದ ಬದಲಾವಣೆಗಳನ್ನು ಊಹಿಸಿಕೊಂಡು ಒಂದರ ಒಳಗೊಂದು ಕೋಣೆ ಕಟ್ಟುತ್ತಾರಂತೆ. "ಒಂದು ಲೋಟ ನೀರು ಬೇಕೆಂದರೆ ಏಳು ಬಾಗಿಲು ತಟ್ಟಬೇಕು, ಮಾವ. ಏಳನೆಯ ಬಾಗಿಲು ತೆಗೆದರೆ ಅಲ್ಲಿ ನೀರು ಇರುವುದಿಲ್ಲ, ಎಂಟನೆಯ ಬಾಗಿಲಿನ ವಿಳಾಸ ಇರುತ್ತದೆ," ಎಂದು ಅವಳು ನಗುತ್ತಾಳೆ. ಟೀಕೆಗೆ ಟೀಕೆ ಬರೆದು ಮೂಲಪದ್ಯವನ್ನೇ ಮರೆಸಿದ ವ್ಯಾಖ್ಯಾನಗಳನ್ನು ನಾನೂ ಓದಿದ್ದೇನೆ.

ನನ್ನ ಕಡತಕ್ಕೆ ಏನಾಯಿತೆಂದು ಕೇಳುಗರಿಗೆ ಕುತೂಹಲವಿರಬಹುದು. ಹಳೆಯ ಫಾಂಟುಗಳ ಬರಹವನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳು ಈಗ ಇವೆ. ಅಂಥದೊಂದರ ನೆರವಿನಿಂದ ಅವಳು ಬಹುಪಾಲನ್ನು ಉಳಿಸಿದಳು. ಆ ಸಂಜೆ ‘ಅರ್ಥ’ ತನ್ನ ಜಾಗದಲ್ಲಿ ಬಂದು ಕೂತದ್ದನ್ನು ತೆರೆಯ ಮೇಲೆ ನೋಡಿ ನನಗಾದ ಆನಂದವನ್ನು ಇಲ್ಲಿ ವರ್ಣಿಸುವುದಿಲ್ಲ. ಆದರೆ ಎರಡು ಅಕ್ಷರಗಳು ಮರಳಿ ಬರಲಿಲ್ಲ. ಅಂಗಡಿಯವರ ಫಾಂಟಿನಲ್ಲಿ ಱ, ೞ ಎರಡೂ ಇರಲಿಲ್ಲ. ನನ್ನ ಒತ್ತಾಯಕ್ಕಾಗಿ ಅಲ್ಲಿನ ಹುಡುಗನೊಬ್ಬ ಖಾಲಿಯಿದ್ದ ಎರಡು ಸ್ಥಾನಗಳಲ್ಲಿ ಅವುಗಳ ಆಕಾರವನ್ನು ಬರೆದು ಸೇರಿಸಿದ್ದ. ಆ ತಿದ್ದಿದ ಫಾಂಟು ಇದ್ದದ್ದು ಆ ಅಂಗಡಿಯ ಒಂದೇ ಯಂತ್ರದಲ್ಲಿ. ಅಂಗಡಿ ಮುಚ್ಚಿ ಎಷ್ಟೋ ವರ್ಷವಾಯಿತು. ಪರಿವರ್ತಕವು ಆ ಎರಡು ಸಂಕೇತಗಳನ್ನೂ ಗುರುತಿಸಲಾರದೆ ಎರಡರ ಜಾಗವನ್ನೂ ಬರಿದಾಗಿ ಬಿಟ್ಟಿತು. ಕರೆ ಎಂದರೆ ಕೂಗುವುದು, ಕಱೆ ಎಂದರೆ ಹಾಲು ಹಿಂಡುವುದು. ಅಳಿ ಎಂದರೆ ದುಂಬಿ, ಅೞಿ ಎಂದರೆ ನಾಶವಾಗುವುದು. ಹಳಗನ್ನಡದಲ್ಲಿ ಇಂಥ ಜಾಗ ಬರಿದಾದರೆ ಅರ್ಥವೇ ಬರಿದಾದಂತೆ.

ಆದ್ದರಿಂದ ಪೆಟ್ಟಿಗೆಗಳು ಅಟ್ಟದಿಂದ ಮತ್ತೆ ಇಳಿದಿವೆ. ಭಾನುವಾರಗಳಲ್ಲಿ ಅವಳು ಬಂದಾಗ ನಾನು ಚೀಟಿಯನ್ನು ನೋಡಿ ಓದುತ್ತೇನೆ, ಅವಳು ಬರಿದಾದ ಜಾಗವನ್ನು ತುಂಬುತ್ತಾಳೆ. ಈ ಸಲ ಪದ್ಯಗಳಿಗೆ ನಮ್ಮದೇ ಕ್ರಮಸಂಖ್ಯೆ. ಮುದ್ರಣಗಳ ಪುಟಸಂಖ್ಯೆ ಬೇರೊಂದು ಕಡತದಲ್ಲಿ. ಕೆಲವು ಚೀಟಿಗಳನ್ನು ಬೆಳ್ಳಿಮೀನು ತಿಂದಿದೆ, ಅಂಥವಕ್ಕೆ ಕಾವ್ಯವನ್ನೇ ತೆರೆಯಬೇಕಾಗುತ್ತದೆ. ಈಗ ಬಕಾರಕ್ಕೆ ಬಂದಿದ್ದೇವೆ. ‘ಬೞಿಕ’ ಎಂಬ ಒಂದೇ ಪದಕ್ಕೆ ದಾರ ಕಟ್ಟಿದ ಒಂದು ಪೂರ್ತಿ ಕಟ್ಟು ಚೀಟಿಗಳಿವೆ.